27994681: ಈ ನಂಬರ್ ಮ್ಯಾಲೆ ಚಾರ್ಟ್ ಮಾಡ್ಬೇಕಾಗ್ಯದ, ಏನೇನ್ ಬರೀಬಹುದು ಹೇಳ್ರಿ

ಮಾನ್ವಿ ಮ್ಯಾಥ್ಸ್:

ಎಲ್ಲರಿಗೂ ನಮಸ್ಕಾರ್ರೀ. ನಾ ಮಾನ್ವಿ ತಾಲ್ಲೂಕಿನ ಒಂದು ಹೈಸ್ಕೂಲಿನ್ಯಾಗ ಗಣಿತಕ್ಕ ಅತಿಥಿ ಶಿಕ್ಷಕ ಇದ್ದೀನಿ. ಡಿಸೆಂಬರ್ 22ಕ್ಕ ಗಣಿತ ದಿನ ಬರ್ತದಲ್ರೀ, ರಾಮಾನುಜನ್ ಹುಟ್ಟಿದ ದಿನ, ಅವತ್ತು ಒಂದೊಂದು ಕ್ಲಾಸಿನವ್ರು ಒಂದೊಂದು ಸಂಖ್ಯೆ ಹಿಡ್ಕೊಂಡು ಅದರ ಗುಣ ಏನು, ಅದು ಯಾವ್ಯಾವ ಗುಂಪಿಗೆ ಸೇರ್ತದ ಅಂತ ಚಾರ್ಟ್ ಬರ್ದು ಗ್ವಾಡಿಗೆ ಹಚ್ಚಬೇಕು ಅಂತ ಹೆಡ್ ಮಾಸ್ತರ್ ಹೇಳ್ಯಾರ. ಚೀಟಿ ಎತ್ತಿಸಿದ್ರು. 8ನೇ ಕ್ಲಾಸಿಗೆ 1729 ಹೋತು, ಅವ್ರದು ಆರಾಮ, ಎರಡು ಘನಗಳ ಮೊತ್ತ ಎರಡು ರೀತಿಲೆ ಬರ್ತದ ಅಂತ ಬರದ್ರ ಮುಗೀತು. 10ನೇದವ್ರಿಗೆ ಕಾಪ್ರೇಕರ್ ಅವ್ರ 6174, ಅದೂ ಎಲ್ಲರಿಗೂ ಗೊತ್ತಿದ್ದದ್ದೆ. ನಮ್ಮ 9ನೇ ಕ್ಲಾಸಿಗೆ ಬಂದಿದ್ದು ಮಾತ್ರ 27994681. ಎರಡು ಕೋಟಿ ಎಪ್ಪತ್ತೊಂಬತ್ತು ಲಕ್ಷ ಚಿಲ್ರೆ. ನೋಡಿದ್ರ ಯಾರದ್ದೋ ಮೊಬೈಲ್ ನಂಬರ್ ಅರ್ಧಕ್ಕ ನಿಂತಂಗದ.

ನಾ ಮತ್ತ ಹುಡುಗ್ರು ಕೂಡಿ ಇಷ್ಟು ನೋಡೀವಿ. ಬೆಸ ಸಂಖ್ಯೆ. ಕೊನಿಗೆ 1 ಅದ, ಹಂಗಾಗಿ 5ರಿಂದ ಹೋಗಂಗಿಲ್ಲ. ಅಂಕಿ ಎಲ್ಲಾ ಕೂಡಿಸಿದ್ರ 46, ಅಂದ್ರ 3ಕ್ಕೂ ಇಲ್ಲ 9ಕ್ಕೂ ಇಲ್ಲ. 7ರಿಂದ ಭಾಗಿಸಿದ್ರ 1 ಶೇಷ. ಇಲ್ಲಿಗೆ ಬಂದು ನಿಂತೀವಿ. ಪ್ರೈಮ್, ಅಂದ್ರ ಅವಿಭಾಜ್ಯ ಸಂಖ್ಯೆ, ಇರಬಹುದೇನ್ರೀ ಇದು? ಹೆಡ್ ಮಾಸ್ತರಿಗೆ ಕೇಳಿದ್ರ ನಕ್ಕೋತ "ಅದು ನಮ್ಮ ಕಡೀದೇ ನಂಬರ್, ಹುಡ್ಕ್ರಿ" ಅಂತಾರ. ನಂಬರಿಗೆ ಎಂಥಾ ಕಡಿ ಎಂಥಾ ಊರು ಅಂತ ನನಗಂತೂ ತಿಳೀಲಿಲ್ಲ. ಗೊತ್ತಿದ್ದವ್ರು ಸ್ವಲ್ಪ ಬಿಡಿಸಿ ಹೇಳ್ರಿ, 9ನೇ ಕ್ಲಾಸಿನ ಹುಡುಗ್ರಿಗೆ ತಿಳಿಯಂಗ.


ಗಂಗಾವತಿ ಮಾಸ್ತರ:

ತಮ್ಮಾ, ಪ್ರೈಮ್ ಅಲ್ಲ ಅದು. ಆದ್ರ ಹಂಗ ಅನಿಸೋದು ಸಹಜ ಐತಿ, ಯಾಕಂದ್ರ ನಮ್ಮ ಹುಡುಗ್ರಿಗೆ 2, 3, 5 ಮುಗೀತಂದ್ರ ಪರೀಕ್ಷೆ ಮಾಡೋ ದಾರಿನೇ ಮುಗದಂಗ. 11ರ ತನಕ ಹೋಗೋದು ಹತ್ತರಾಗ ಇಬ್ರು. ಮೂವತ್ತು ವರ್ಷ ಕಲಿಸಿದವ ನಾ, ಒಂದು ಉಪಾಯ ಹೇಳ್ತೀನಿ, ಇದನ್ನ ಬೋರ್ಡ್ ಮ್ಯಾಲೆ ಮಾಡಿ ತೋರ್ಸು, ಫೋನ್ ಯಾರ ಕೈಗೂ ಕೊಡಬ್ಯಾಡ.

ಸಂಖ್ಯೆನ ಬಲಗಡಿಯಿಂದ ಮೂರು ಮೂರು ಅಂಕಿಗೆ ಕಡಿ: 27 | 994 | 681. ಇಲ್ಲೊಂದು ಎಚ್ಚರಿಕಿ. ನಾವು ಕಾಮಾ ಹಾಕೋದು 2,79,94,681 ಅಂತ, ಹುಡುಗ್ರು ಆ ಕಾಮಾ ನೋಡ್ಕೊಂಡು ಕಡದ್ರ ಲೆಕ್ಕ ಎಲ್ಲಾ ಅಡ್ಡಾದಿಡ್ಡಿ ಆಗ್ತೈತಿ. ಈಗ ಬಲಗಡಿಯಿಂದ ಒಂದು ಕೂಡ್ಸು, ಒಂದು ಕಳಿ: 681 − 994 + 27 = −286. ಮೈನಸ್ ಬಂತಂತ ಗಾಬರಿ ಆಗಬ್ಯಾಡ್ರಿ, ಬರೀ 286 ಇಟ್ಕೊಳ್ರಿ. 286 ಅಂದ್ರ 2 × 11 × 13. 11ರಿಂದನೂ ಹೋತು, 13ರಿಂದನೂ ಹೋತು, 7ರಿಂದ ಹೋಗಲಿಲ್ಲ. ಹಂಗಾದ ಮ್ಯಾಲೆ ನಮ್ಮ ದೊಡ್ಡ ಸಂಖ್ಯೆನೂ 11ರಿಂದ, 13ರಿಂದ ಹೋಗ್ತೈತಿ, 7ರಿಂದ ಹೋಗಂಗಿಲ್ಲ. ಯಾಕ ಅಂತ ಒಬ್ಬರ ಹುಡುಗ ಕೇಳೇ ಕೇಳ್ತಾನ, ಕೇಳ್ಬೇಕು ಕೂಡ. ಉತ್ತರ 1001ರಾಗ ಐತಿ. 7 × 11 × 13 = 1001. ಸಾವಿರ ಅನ್ನೋದು 1001ಕ್ಕಿಂತ ಒಂದು ಕಮ್ಮಿ, ಅಂದ್ರ ಈ ಮೂರರ ಲೆಕ್ಕದಾಗ ಸಾವಿರದ ಬೆಲಿ −1, ಹತ್ತು ಲಕ್ಷದ ಬೆಲಿ ತಿರುಗಿ +1. ಅದಕ್ಕ ಒಂದು ಕೂಡ್ಸು ಒಂದು ಕಳಿ ಅಂದಿದ್ದು.

ಮುಂದ ಅದೇ ಮೂರು ತುಂಡು ಈಗ ಸುಮ್ನ ಕೂಡ್ಸು. 27 + 994 + 681 = 1702. ಇದನ್ನ 37ರಿಂದ ಭಾಗ್ಸು, 46 ಸರಿಯಾಗಿ ಬರ್ತೈತಿ, ಶೇಷ ಇಲ್ಲ. 999 = 27 × 37 ಅಲ್ಲೇನು, ಹಂಗಾಗಿ 37ಕ್ಕ ಸಾವಿರದ ಬೆಲಿ 1 ಇದ್ದಂಗ, ತುಂಡು ಕೂಡಿಸಿ ನೋಡಿದ್ರ ಸಾಕು. 37ರಿಂದನೂ ಹೋತು.

ಈಗ ಭಾಗಿಸ್ಕೋತ ಹೋಗು. 11ರಿಂದ ಹೊಡದ್ರ 2544971. ಅದನ್ನ 13ರಿಂದ ಹೊಡದ್ರ 195767. ಅದನ್ನ 37ರಿಂದ ಹೊಡದ್ರ 5291. ಇಲ್ಲಿ ಸ್ವಲ್ಪ ನಿಂದ್ರು, ಹುಡುಗ್ರಿಗೆ 5291ನ್ನ ಒಡೀರಿ ಅಂತ ಹೇಳು. ಮತ್ತ 11 ಬರ್ತೈತಿ, ಮತ್ತ 13 ಬರ್ತೈತಿ, ಉಳದದ್ದು 37! 11 × 13 × 37 = 5291. ಅಂದ್ರ ನಿನ್ನ ಸಂಖ್ಯೆ 5291 × 5291. ಪೂರ್ಣ ವರ್ಗ. ಹೆಡ್ ಮಾಸ್ತರ್ ಸುಮ್ನ ಕೊಟ್ಟಿಲ್ಲ ಇದನ್ನ.

ಇದು ತಿಳಿದ ಮ್ಯಾಲೆ ಇನ್ನೊಂದು ಬರೀಬಹುದು: 1 + 3 + 5 + 7 ಅಂತ ಬೆಸ ಸಂಖ್ಯೆಗಳ್ನ ಕೂಡಿಸ್ಕೋತ 10581ರ ತನಕ ಹೋದ್ರ ಸರಿಯಾಗಿ 27994681 ಬರ್ತೈತಿ. ಕೂಡಿಸಿ ನೋಡ್ರಿ ಅಂತ ಹೇಳಬ್ಯಾಡ ಮತ್ತ, ಸಂಜಿ ಆದ್ರೂ ಮುಗಿಯಂಗಿಲ್ಲ.


ಬಳ್ಳಾರಿ ಬಿಸ್ಲು:

ಮಾಸ್ತರು ಹೇಳಿದ್ಮೇಲೆ ನಂದೇನೂ ಉಳಿದಿಲ್ಲ ಅನ್ಕೊಂಡೆ, ಆದ್ರೂ ಪೈಥಾನ್‌ನಾಗೆ ನಾಕು ಲೈನ್ ಪ್ರೋಗ್ರಾಮ್ ಬರ್ದು ಓಡಿಸಿ ನೋಡ್ದೆ, ಚಾರ್ಟಿಗೆ ಬೇಕಾಗೋ ಮಾಲು ಭಾಳ ಐತೆ ಅಣ್ಣ.

ಸಂಖ್ಯೆ = 11² × 13² × 37². ಇದಕ್ಕೆ ಒಟ್ಟು ಭಾಜಕಗಳು 27. ಲೆಕ್ಕ ಹೆಂಗೆ ಅಂದ್ರೆ ಒಂದೊಂದು ಪ್ರೈಮನ್ನೂ ಸೊನ್ನೆ ಸಲ ತಗೋಬಹುದು, ಒಂದ್ಸಲ ತಗೋಬಹುದು, ಎರಡು ಸಲ ತಗೋಬಹುದು, ಮೂರು ಪ್ರೈಮು, 3 × 3 × 3. ಇವೆಲ್ಲಾ ಕೂಡಿಸಿದ್ರೆ 34244973. ಅದ್ರಾಗೆ ಸಂಖ್ಯೆನೇ ತೆಗೆದಾಕಿದ್ರೆ 6250292 ಉಳೀತೈತೆ, ಅಂದ್ರೆ ತನ್ನ ಭಾಜಕಗಳ ಮೊತ್ತ ತನ್ನ ಕಾಲುಭಾಗಕ್ಕೂ ಬರಂಗಿಲ್ಲ. ಹಿಂಗೆ ಮೊತ್ತ ಸಂಖ್ಯೆಗಿಂತ ಕಮ್ಮಿ ಬಂದ್ರೆ ನ್ಯೂನ ಸಂಖ್ಯೆ ಅಂತಾರೆ. ಮೊತ್ತ ಸಂಖ್ಯೆಯಷ್ಟೇ ಬಂದ್ರೆ ಪರಿಪೂರ್ಣ, 6 ಮತ್ತೆ 28 ಇದ್ದಂಗೆ. ಜಾಸ್ತಿ ಆದ್ರೆ ಸಮೃದ್ಧ, 12 ಇದ್ದಂಗೆ. ನಮ್ದು ನ್ಯೂನ ಆಗ್ಲೇಬೇಕಿತ್ತು ಬಿಡಿ, 3, 5, 7 ಅಂಥ ಸಣ್ಣ ಪ್ರೈಮು ಒಂದೂ ಇಲ್ಲ, ಇರೋದೂ ಮೂರೇ. ಬೆಸ ಸಂಖ್ಯೆ ಸಮೃದ್ಧ ಆಗ್ಬೇಕಂದ್ರೆ ಸಣ್ಣವು ಬೇಕು, ಇಲ್ಲಾಂದ್ರೆ ಪ್ರೈಮು ಭಾಳ ಇರ್ಬೇಕು, ಮೊದಲ್ನೇ ಬೆಸ ಸಮೃದ್ಧ ಸಂಖ್ಯೆ 945, ಅದು 3³ × 5 × 7.

ಇನ್ನೊಂದು ಮಸ್ತ್ ಐತೆ. ಪೂರ್ಣ ವರ್ಗ ಯಾವತ್ತೂ ಪರಿಪೂರ್ಣ ಸಂಖ್ಯೆ ಆಗಂಗೇ ಇಲ್ಲ. ವರ್ಗದ ಭಾಜಕ ಎಲ್ಲಾ ಕೂಡಿಸಿದ್ರೆ ಮೊತ್ತ ಬೆಸನೇ ಬರ್ತೈತೆ, ಮ್ಯಾಲೆ 34244973 ನೋಡಿ. ಪರಿಪೂರ್ಣ ಆಗ್ಬೇಕಂದ್ರೆ ಆ ಮೊತ್ತ ಸಂಖ್ಯೆಯ ಎರಡರಷ್ಟು ಇರ್ಬೇಕು, ಅದು ಸಮ. ಬೆಸ ಸಮಕ್ಕೆ ಹೆಂಗೆ ಕೂಡುತ್ತೆ? ಅಂದಹಾಗೆ ಬೆಸ ಪರಿಪೂರ್ಣ ಸಂಖ್ಯೆ ಐತೋ ಇಲ್ಲೋ ಅನ್ನೋದು ಇನ್ನೂ ಬಗೆಹರಿದಿಲ್ಲ, ಇದ್ರೂ 1500 ಅಂಕಿಗಿಂತ ದೊಡ್ಡದೇ ಇರ್ಬೇಕು ಅಂತ 2012ರಾಗೆ ಸಾಬೀತು ಮಾಡ್ಯಾರೆ. ನಿಮ್ಮ ಕ್ಲಾಸಿನಾಗೆ ಯಾರಿಗಾದ್ರೂ ಜಿದ್ದಿದ್ರೆ ಹುಡುಕ್ಲಿ ಬಿಡಿ.

ಮಿಕ್ಕಿದ್ದು ಬೇಗ ಬೇಗ ಹೇಳ್ತೀನಿ. ಇದಕ್ಕಿಂತ ಸಣ್ಣವಿದ್ದು ಇದ್ರ ಜೊತೆ 1 ಬಿಟ್ರೆ ಬೇರೆ ಸಾಮಾನ್ಯ ಅಪವರ್ತನ ಇಲ್ಲದ ಸಂಖ್ಯೆಗಳು 22857120. ಬೈನರಿಯಾಗೆ, ಅಂದ್ರೆ ಬರೀ 0 ಮತ್ತೆ 1 ಹಾಕಿ ಎರಡರ ಲೆಕ್ಕದಾಗೆ ಬರೆದ್ರೆ 1101010110010101000111001, ಇದ್ರಾಗೆ 1 ಅನ್ನೋ ಅಂಕಿ 13 ಸಲ ಐತೆ, ಹಿಂಗೆ 1 ಬೆಸ ಸಲ ಬಂದ್ರೆ ಓಡಿಯಸ್ ನಂಬರ್ ಅಂತಾರೆ. ಹ್ಯಾಪಿ ನಂಬರ್ ಅಂತ ಇನ್ನೊಂದು ಆಟ ಐತಲ್ಲ, ಅಂಕಿಗಳ ವರ್ಗ ಕೂಡಿಸ್ಕಂತ ಹೋದ್ರೆ ಕೊನೆಗೆ 1 ಬರ್ಬೇಕು, ಅದು ಇದಕ್ಕಾಗಲ್ಲ. 332, 22, 8, 64, 52, 29, 85, 89 ಅಂತ ಹೋಗಿ 145, 42, 20, 4, 16, 37, 58, ತಿರುಗಿ 89ಕ್ಕೇ ಬಂದು ಸುತ್ತಾಕ್ಕಂತ ಇರುತ್ತೆ. ಇದನ್ನ ಹುಡುಗ್ರ ಕೈಲಿ ಮಾಡಿಸ್ಬಹುದು, ಸಣ್ಣ ಲೆಕ್ಕ, ಮಜಾ ಬರುತ್ತೆ.


ಮಾನ್ವಿ ಮ್ಯಾಥ್ಸ್:

ಯಪ್ಪಾ ಒಂದು ರಾತ್ರಿಯಾಗ ಇಷ್ಟು ಬಂತಲ್ರೀ! ಮಾಸ್ತರ ಹೇಳಿದ್ದು ಮುಂಜಾನೆ ಕ್ಲಾಸಿನ್ಯಾಗ ಮಾಡಿಸ್ದೆ, 5291ರಾಗ ತಿರುಗಿ 11 ಬಂದಾಗ ಹಿಂದಿನ ಬೆಂಚಿನವ್ರೂ ಎದ್ದು ಕುಂತ್ರು. ಒಂದು ಹುಡುಗಿ ಕೇಳಿದ್ಳು, ಸರ್ ಭಾಜಕ ಯಾವಾಗ್ಲೂ ಜೋಡಿ ಜೋಡಿ ಬರ್ತಾವಲ್ಲ, 27 ಹೆಂಗ ಬೆಸ ಬಂತು ಅಂತ. ನಾ ಜೋಡಿ ಬರ್ದು ತೋರಿಸ್ದೆ. 1ಕ್ಕ 27994681, 11ಕ್ಕ 2544971, 13ಕ್ಕ 2153437, 37ಕ್ಕ 756613, ಹಿಂಗ 13 ಜೋಡಿ ಆಗ್ತಾವ, ಕೊನಿಗೆ 5291 ಒಂದೇ ಉಳೀತದ, ಅದಕ್ಕ ಅದೇ ಜೋಡಿ. ಇದನ್ನ ಚಾರ್ಟಿನ ನಡುಮಧ್ಯೆ ಹಾಕೋಣ ಅಂತ ಅವರೇ ಅಂದ್ರು.

ಆದ್ರ "ನಮ್ಮ ಕಡೀದು" ಅಂದಿದ್ದು ಇನ್ನೂ ಹಂಗೇ ಉಳದದ. ಹೆಡ್ ಮಾಸ್ತರ್ ಬಾಯಿ ಬಿಡವಲ್ರು. ಹೋಗ್ಲಿ 441ರಿಂದ ಗುಣಿಸಿ ನೋಡ್ರಿ ಅಂದು ಎದ್ದು ಹೋದ್ರು. ಗುಣಿಸಿದ್ರ 12345654321 ಬಂತು! ಹುಡುಗ್ರು ಚಪ್ಪಾಳಿ. ಇದು ಎಲ್ಲಿಂದ ಬಂತ್ರೀ?


ಕೊಪಣಾಚಲ:

441 ಅಂದ ಕೂಡ್ಲೇ ಗೊತ್ತಾತು ನೋಡ್ರಿ. ನಿಮ್ಮ ಹೆಡ್ ಮಾಸ್ತರ್ ದೊಡ್ಡ ಮನುಷ್ಯ.

ಇದು ಗಣಿತಜ್ಞ ಮಹಾವೀರಾಚಾರ್ಯನ ಗಣಿತಸಾರಸಂಗ್ರಹ ಅನ್ನೋ ಪುಸ್ತಕದಾಗ ಬರೋ ಲೆಕ್ಕ. ಸುಮಾರು 850ರ ಹೊತ್ತಿಗೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಾಗ ಬರದದ್ದು, ಭಾಷೆ ಸಂಸ್ಕೃತ. ಶುರುವಿನ್ಯಾಗೇ ಆ ಅರಸನ್ನ ಹೊಗಳ್ಯಾನ. ನೃಪತುಂಗನ ರಾಜಧಾನಿ ಮಾನ್ಯಖೇಟ, ಈಗಿನ ಮಳಖೇಡ, ಸೇಡಂ ತಾಲ್ಲೂಕು ಕಾಗಿಣಾ ದಂಡಿ ಮ್ಯಾಲೆ ಐತಿ, ಕಲಬುರಗಿ ಜಿಲ್ಲೆ, ರಾಯಚೂರಿನವ್ರಿಗೆ ಭಾಳ ದೂರ ಏನಲ್ಲ. ಅದೇ ಅರಸನ ಆಸ್ಥಾನದಿಂದ ಬಂದ ಕವಿರಾಜಮಾರ್ಗದಾಗ ನಮ್ಮ ಕೊಪ್ಪಳದ ಹೆಸರೂ ಬರ್ತೈತಿ, ಮಹಾಕೊಪಣ ನಗರ ಅಂತ. ಮಹಾವೀರಾಚಾರ್ಯ ಜೈನ, ಕೊಪಣನೂ ಆವಾಗ ಜೈನರ ದೊಡ್ಡ ಕ್ಷೇತ್ರ. ಅವ ಇಲ್ಲಿಗೆ ಬಂದಿದ್ನೋ ಇಲ್ಲೋ ಅಂತ ನಾ ಕಥಿ ಕಟ್ಟಂಗಿಲ್ಲ, ಆದ್ರ ಒಂದೇ ಕಾಲ, ಒಂದೇ ರಾಜ್ಯ. ಹಂಗಾಗಿ ನಮ್ಮ ಕಡೀದು ಅಂದ್ರ ತಪ್ಪಿಲ್ಲ.

ಆ ಪುಸ್ತಕದಾಗ ಗುಣಾಕಾರದ ಭಾಗದಾಗ ಅವ ಕೊಡೋ ಲೆಕ್ಕಗಳು ಸುಮ್ನ ಗುಣಿಸೋ ಲೆಕ್ಕ ಅಲ್ಲ, ಉತ್ತರ ಬಂದಾಗ ಕಣ್ಣಿಗೆ ಚಂದ ಕಾಣ್ಬೇಕು, ಎಡದಿಂದ ಓದಿದ್ರೂ ಬಲದಿಂದ ಓದಿದ್ರೂ ಒಂದೇ, ಕೊರಳ ಹಾರ ಇದ್ದಂಗ. 139 × 109 = 15151. 152207 × 73 = 11111111. 12345679 × 9 = 111111111. 14287143 × 7 = 100010001. 142857143 × 7 = 1000000001. 333333666667 × 33 = 11000011000011. ಇವುಗಳ ಸಾಲಿನ್ಯಾಗೇ ನಿಮ್ಮ 27994681 × 441 ಬರೋದು. 12345654321 ಅನ್ನೋ ಉತ್ತರ ಅವ ಹೆಂಗ ಹೇಳ್ತಾನ ಅಂದ್ರ, ಒಂದರಿಂದ ಶುರುವಾಗಿ ಆರರ ತನಕ ಏರಿ ಅದೇ ಕ್ರಮದಾಗ ಇಳಿಯೋದು ಅಂತ. ಅಂಕಿ ಹೆಸರು ಒಂದೊಂದಾಗಿ ಹೇಳೋ ಗೋಜೇ ಇಲ್ಲ. ಸ್ಥಾನಬೆಲೆ ಕೈಯಾಗ ಪಳಗಿದ್ದವಗ ಮಾತ್ರ ಹಂಗ ಹೇಳಾಕ ಬರ್ತೈತಿ. ಸ್ಥಾನಗಳಿಗೂ 24ರ ತನಕ ಹೆಸರು ಕೊಟ್ಟಾನ, ಏಕದಿಂದ ಹಿಡದು ಮಹಾಕ್ಷೋಭದ ತನಕ.

ಈಗ 441 ಯಾಕ? ನಾ ಹಿಂದಿನಿಂದ ಬಿಚ್ಚಿ ನೋಡಿದೆ. 12345654321 ಅನ್ನೋದು 111111ರ ವರ್ಗ. ಆರು ಒಂದುಗಳ್ನ ಆರು ಸಲ ಒಂದೊಂದು ಮನಿ ಸರಿಸಿ ಬರ್ದು ಕೂಡಿಸ್ರಿ, ಬಲಗಡಿ ಕಂಬದಾಗ ಒಂದೇ 1, ಮುಂದಿನದ್ರಾಗ ಎರಡು, ಆಮ್ಯಾಲೆ ಮೂರು, ನಡುವ ಆರು, ಮತ್ತ ಇಳಕೋತ ಒಂದು. ದಶಕ ಎಲ್ಲೂ ಹುಟ್ಟಂಗಿಲ್ಲ, ಅದಕ್ಕ ಅಂಕಿ ಅಷ್ಟು ಸಾಫಾಗಿ ನಿಲ್ತಾವ. 111111 ಅಂದ್ರ 3 × 7 × 11 × 13 × 37. ಇದ್ರಾಗ 3 × 7 ಅಂದ್ರ 21 ಒಂದ್ಕಡಿ ಇಟ್ರ ಉಳಿಯೋದು 5291. ಎರಡನ್ನೂ ವರ್ಗ ಮಾಡ್ರಿ, 441 ಮತ್ತ 27994681. ನನಗನಿಸಿದ್ದು ಅವ ಹಾರ ಮೊದಲು ಕಟ್ಟಿ ಆಮ್ಯಾಲೆ ಎರಡು ತುಂಡು ಮಾಡ್ಯಾನ. ಯಾವ ತುಂಡು ನೋಡಿದ್ರೂ ಒಳಗ ಏನೈತಿ ಅಂತ ಗೊತ್ತಾಗಬಾರದು, ಗುಣಿಸಿದಾಗ ಹುಡುಗ್ರು ಬೆರಗಾಗ್ಬೇಕು. ಸಾವಿರದ ನೂರು ವರ್ಷ ಮ್ಯಾಲಾದ ಮೇಲೂ ಮಾನ್ವಿಯಾಗ ಚಪ್ಪಾಳಿ ಬಿತ್ತಲ್ಲ!

ಪುಸ್ತಕ ಬೇಕಂದ್ರ ಎಂ. ರಂಗಾಚಾರ್ಯರು ಮೂಲಪಾಠಕ್ಕ ಇಂಗ್ಲಿಷ್ ಅನುವಾದ ಕೂಡಿಸಿ 1912ರಾಗ ಮದ್ರಾಸಿನಿಂದ ತಂದಾರ. ಅದಕ್ಕೂ ಭಾಳ ಮೊದಲು, 11ನೇ ಶತಮಾನದಾಗೇ, ಪಾವುಲೂರಿ ಮಲ್ಲನ ಇದನ್ನ ತೆಲುಗಿಗೆ ತಂದಿದ್ದ.


ಸಿರುಗುಪ್ಪ ಸೋನಾಮಸೂರಿ:

ಎಲ್ಲಾ ಚೆಂದ ಐತೆ, ಆದ್ರೆ ಒಂದು ತಕರಾರು. ನ್ಯೂನ, ಓಡಿಯಸ್ಸು, ಅನ್‌ಹ್ಯಾಪಿ, ಅಂಕಿ ಮೊತ್ತ 46 ಅಂತ ಎಲ್ಲಾ ಒಂದೇ ಲಿಸ್ಟಿನಾಗೆ ಸುರಿದು ಚಾರ್ಟ್ ತುಂಬಿಸಿಬಿಟ್ರೆ ಹುಡುಗ್ರಿಗೆ ಏನ್ ಬಂತು ಸರ್? ಯಾವ ಸಂಖ್ಯೆ ಕೊಟ್ರೂ ಕಂಪ್ಯೂಟ್ರು ಹಿಂಗೆ ಇಪ್ಪತ್ತು ಪಟ್ಟ ಕಟ್ಟಿ ಕಳಿಸುತ್ತೆ. ಬಳ್ಳಾರಿ ಅಣ್ಣ ಬೇಜಾರು ಮಾಡ್ಕೋಬೇಡಿ.

ನಾನಾಗಿದ್ರೆ ಚಾರ್ಟನ್ನ ಎರಡು ಭಾಗ ಮಾಡ್ತಿದ್ದೆ. ಒಂದ್ಕಡೆ ಸಂಖ್ಯೆಯ ಸ್ವಂತ ಗುಣ: ವರ್ಗ, ಬೆಸ, 27 ಭಾಜಕ, ನ್ಯೂನ. ಇವು ನೀವು ಹೆಂಗಾದ್ರೂ ಬರೀರಿ, ಯಾವ ಭಾಷೆಯಾಗಾದ್ರೂ ಬರೀರಿ, ಬೆಣಚುಕಲ್ಲು ಎಣಿಸಿಟ್ರೂ ಬದಲಾಗಲ್ಲ. ಇನ್ನೊಂದ್ಕಡೆ ನಾವು ಹತ್ತರ ಲೆಕ್ಕದಾಗೆ ಬರಿಯೋದ್ರಿಂದ ಕಾಣೋ ಗುಣ: ಅಂಕಿ ಮೊತ್ತ, ಹ್ಯಾಪಿ ಅನ್‌ಹ್ಯಾಪಿ, ಮಾಸ್ತರ ಮೂರು ಮೂರು ತುಂಡಿನ ಉಪಾಯ ಕೂಡ. ನಮಗೆ ಹನ್ನೆರಡು ಬೆರಳಿದ್ರೆ ಇವೆಲ್ಲಾ ಬೇರೆನೇ ಇರ್ತಿದ್ವು. ಓಡಿಯಸ್ಸು ಎರಡರ ಲೆಕ್ಕದ್ದು, ಹಂಗಾಗಿ ಅದೂ ಬರವಣಿಗೆ ಕಡೆಗೇ. ಹತ್ತರ ಬದ್ಲು 5291ನ್ನೇ ಸ್ಥಾನಬೆಲೆಗೆ ಆಧಾರ ಮಾಡ್ಕೊಂಡು ಬರೆದ್ರೆ ಈ ದೊಡ್ಡ ಸಂಖ್ಯೆ ಬರೀ 100 ಆಗ್ಬಿಡುತ್ತೆ, ಎಲ್ಲಾ ಜಂಬ ಇಳೀತು.

ಇಲ್ಲಿ ನಂಗೆ ಮಜಾ ಅನ್ಸಿದ್ದು ಏನಂದ್ರೆ, ಮಹಾವೀರನ ಹಾರ ಎರಡೂ ಕಡೆ ಕಾಲಿಟ್ಟೈತೆ. ಕೊಪ್ಪಳದವ್ರು ಹೇಳಿದ್ರಲ್ಲ ದಶಕ ಹುಟ್ಟಲ್ಲ ಅಂತ, ಹಂಗಾದ್ಮೇಲೆ ಹತ್ತೇ ಯಾಕೆ ಬೇಕು, ಏಳರ ಲೆಕ್ಕದಾಗೆ 111111 ಬರ್ದು ವರ್ಗ ಮಾಡಿದ್ರೂ 12345654321 ಅಂತಾನೇ ಬರುತ್ತೆ. ಆದ್ರೆ ಅಲ್ಲಿ 111111 ಅಂದ್ರೆ ನಮ್ಮ 19608, ಅದ್ರ ವರ್ಗ ನಮ್ಮ ಬರವಣಿಗೆಯಾಗೆ 384473664, ಏನೂ ಹಾರ ಕಾಣಲ್ಲ. ಏಳಕ್ಕಿಂತ ಕೆಳಗೆ ಇಳಿದ್ರೆ 6 ಅನ್ನೋ ಅಂಕಿನೇ ಇರಲ್ಲ, ಅಲ್ಲಿಗೆ ಆಟ ಬಂದ್. ಹತ್ತರ ವಿಶೇಷ ಇರೋದು ಒಡೆಯೋದ್ರಾಗೆ. 111111 ಯಾವ ಆಧಾರದಾಗೂ ಮೂರು ತುಂಡಾಗುತ್ತೆ, ಹತ್ತರಾಗೆ ಅವು 11, 111, 91. 111 ಅಂದ್ರೆ 3 × 37, 91 ಅಂದ್ರೆ 7 × 13. ಐದೂ ಬೇರೆ ಬೇರೆ ಪ್ರೈಮು, ಒಂದೂ ರಿಪೀಟ್ ಇಲ್ಲ. ಏಳರ ಲೆಕ್ಕದಾಗೆ ಅದೇ ಮೂರು ತುಂಡು 8, 57, 43, ಅಲ್ಲಿ ಮೊದಲ್ನೇದೇ 2 × 2 × 2. ಆ ಲೆಕ್ಕದಾಗೆ ಹಿಂಗೆ ಒಂದೂ ರಿಪೀಟ್ ಇಲ್ಲದಂಗೆ ಬರಲ್ಲ.


ಬಳ್ಳಾರಿ ಬಿಸ್ಲು:

ಬೇಜಾರೇನಿಲ್ಲ ಗುರು, ಪಾಯಿಂಟ್ ಕರೆಕ್ಟ್ ಐತೆ. ಆದ್ರೆ ಹ್ಯಾಪಿ ನಂಬರ್ ಆಟ ತೆಗೀಬೇಡಿ ಸರ್, 9ನೇ ಕ್ಲಾಸಿನ ಹುಡುಗ್ರು ಚಾರ್ಟ್ ಮುಂದೆ ನಿಂತ್ಕಳದೇ ಅದಕ್ಕೆ. ಬೇಕಾದ್ರೆ ಬರವಣಿಗೆ ಕಡೆ ಕಾಲಂನಾಗೆ ಹಾಕಿ.


ಗಂಗಾವತಿ ಮಾಸ್ತರ:

ಸಿರುಗುಪ್ಪದವ್ರು ಹೇಳಿದ್ದು ಖರೆ. ಎರಡು ಭಾಗ ಮಾಡ್ರಿ. ಸ್ವಂತ ಗುಣದ ಕಡಿಗೆ ಇನ್ನೊಂದು ಸೇರಿಸ್ತೀನಿ, 9ನೇ ಕ್ಲಾಸಿನ ಪೈಥಾಗೊರಸ್ಸಿಗೆ ಹತ್ತಿದ್ದು.

ನಾಲ್ಕರಿಂದ ಭಾಗಿಸಿದ್ರ 1 ಉಳಿಯೋ ಪ್ರೈಮುಗಳು ಎರಡು ವರ್ಗಗಳ ಮೊತ್ತ ಆಗ್ತಾವ: 13 = 9 + 4, 37 = 36 + 1. 3 ಉಳಿಯೋವು ಆಗಂಗಿಲ್ಲ, 11 ಆ ಜಾತಿದು. ನಮ್ಮ ಸಂಖ್ಯೆಯಾಗ 13 ಮತ್ತ 37 ಎರಡೂ ಇರೋದ್ರಿಂದ 5291ರ ವರ್ಗವನ್ನ ಎರಡು ವರ್ಗವಾಗಿ ನಾಲ್ಕು ರೀತಿಲೆ ಒಡೀಬಹುದು. ಅಂದ್ರ 5291 ಕರ್ಣ ಇರೋ ಲಂಬಕೋನ ತ್ರಿಭುಜ ನಾಲ್ಕು. ಬಾಹುಗಳು 341 ಮತ್ತ 5280. 1716 ಮತ್ತ 5005. 2035 ಮತ್ತ 4884. 3509 ಮತ್ತ 3960. ಒಂದು ಹುಡುಗ್ರ ಕಡಿಂದ ಮಾಡಿಸಿ ನೋಡು: 5280ರ ವರ್ಗ 27878400, 341ರ ವರ್ಗ 116281, ಕೂಡಿಸಿದ್ರ ನಿನ್ನ ಸಂಖ್ಯೆ. 11 ಬರೀ ಗುಣಕವಾಗಿ ಕುಂತೈತಿ, ಅದಕ್ಕ ಎಂಟೂ ಬಾಹು 11ರಿಂದ ಹೋಗ್ತಾವ, ಇದನ್ನ ಹುಡುಗ್ರೇ ಕಂಡುಹಿಡೀಲಿ, ಮೊದ್ಲೇ ಹೇಳಬ್ಯಾಡ.

ಈ ಮೊದಲ್ನೇ ತ್ರಿಭುಜ ನನಗ ಭಾಳ ಸೇರ್ತು, ಯಾಕಂದ್ರ ಒಂದು ಮೈಲು ಅಂದ್ರ 5280 ಅಡಿ. ಸೀದಾ ಒಂದು ಮೈಲು ಕಾಲುವಿ ದಂಡಿ ಹಿಡದು ಹೋಗಿ, ಅಲ್ಲಿಂದ ಎಡಕ್ಕ 341 ಅಡಿ ಹೊಲದಾಗ ಇಳದ್ರ, ಹೊರಟ ಜಾಗದಿಂದ ನೀ ಇರೋ ಜಾಗಕ್ಕ ಅಡ್ಡ ದಾರಿ 5291 ಅಡಿ, ಬರೇ 11 ಅಡಿ ಜಾಸ್ತಿ. ನಾ ಇದನ್ನ ಹೇಳಿದ್ರ ನನ್ನ ಮೊಮ್ಮಗ ನಂಬಲಿಲ್ಲ, 341 ಅಡಿ ಪಕ್ಕಕ್ಕ ಹೋದ್ರ ಬರೇ 11 ಅಡಿ ಹೆಂಗ ಅಂತ ಜಗಳ. ನಿನ್ನ ಕ್ಲಾಸಿನ್ಯಾಗೂ ಕೇಳಿ ನೋಡು, ಎಲ್ಲರೂ ಮುನ್ನೂರರ ಮ್ಯಾಲೇ ಹೇಳ್ತಾರ.


ಮಾನ್ವಿ ಮ್ಯಾಥ್ಸ್:

ಕೇಳ್ದೆ ಸರ್, ಮುನ್ನೂರು, ಇನ್ನೂರೈವತ್ತು, ಒಬ್ಬ ಐನೂರು ಅಂದ.

ಎರಡು ಡ್ರಾಯಿಂಗ್ ಶೀಟ್ ಅಂಟಿಸಿ ಎರಡು ಭಾಗ ಮಾಡೀವಿ. ಎಡಕ್ಕ ಸ್ವಂತ ಗುಣ, ಅಪವರ್ತನ, ಜೋಡಿ, ಮಾಸ್ತರ ನಾಲ್ಕು ತ್ರಿಭುಜ. ಬಲಕ್ಕ ಬರವಣಿಗೆಯ ಗುಣ, ಅದ್ರಾಗ ಹ್ಯಾಪಿ ನಂಬರ್ ಸುತ್ತು ಚಕ್ರದಂಗ ಬಿಡಿಸ್ಯಾರ. ಮ್ಯಾಲೆ ಅಗಲಕ್ಕ 12345654321, ಕೆಳಗ ಮಳಖೇಡ, ಸುಮಾರು 850, ಮಹಾವೀರಾಚಾರ್ಯ ಅಂತ. ಮುಂಜಾನೆ ಕೇಳಿದ ಹುಡುಗಿನೇ ಈಗ 12345679ನ್ನ ಒಡದು ನೋಡ್ಯಾಳ, 37 × 333667 ಬಂತಂತ, ಅಲ್ಲೂ 37 ಯಾಕ ಬಂತು ಸರ್ ಅಂತ ಕೇಳಕತ್ತಾಳ. 333667 ಪ್ರೈಮ್ ಹೌದೋ ಅಲ್ಲೋ ಅಂತಾನೂ ಕೇಳ್ಯಾಳ. 37ರದ್ದು ನಾ ಹೇಳ್ತೀನಿ, 12345679 × 9ರಾಗ ಬರೋ ಒಂಬತ್ತು ಒಂದುಗಳು 111ರಿಂದ, ಅಂದ್ರ 37ರಿಂದನೂ ಹೋಗ್ಲೇಬೇಕಲ್ಲ. ಎರಡನೇದು ಬಳ್ಳಾರಿ ಅಣ್ಣ, ನಿಮ್ಮ ಪೈಥಾನಿಗೆ ಬಿಟ್ಟೀನಿ.


ಬಳ್ಳಾರಿ ಬಿಸ್ಲು:

ಓಡಿಸ್ದೆ. ಪ್ರೈಮ್. ಅವಳಿಗೆ ಹೇಳಿ, 577ರ ತನಕ ಎಲ್ಲಾ ಪ್ರೈಮಿನಿಂದ ಭಾಗಿಸಿ ನೋಡಿದ್ರೆ ಸಾಕು, ಯಾಕಂದ್ರೆ 333667ರ ವರ್ಗಮೂಲ 577ರಿಂದ 578ರ ಒಳಗೇ ಐತೆ.